ಆಟೀನ್ ಎಕ್ಕ ಮಾವನ ಕೈಯಲ್ಲಿತ್ತು

ಜುಲೈ 27, 2024, ಶನಿವಾರ
ಬದಿಯಡ್ಕ, ಕಾಸರಗೋಡು

ಇವತ್ತು ಮಾವ ಆಡಿದ ಒಂದು ಆಟವನ್ನು ಮರೆಯುವ ಮೊದಲು ಬರೆದಿಡಬೇಕು. ಪೋಕರ್ ಅವರಿಗೆ ತೀರಾ ಹೊಸತು. ಬೆಂಗಳೂರಿನಿಂದ ಬಂದ ನನ್ನ ಅಳಿಯ, ಅಂದರೆ ಅಕ್ಕನ ಮಗ, ನಿನ್ನೆಯಷ್ಟೇ ಹೇಳಿಕೊಟ್ಟದ್ದು. ಆದರೂ ಎದುರಿನವನ ಕೈಯಲ್ಲಿ ಏನಿದೆ ಎಂದು ಅವರು ಲೆಕ್ಕ ಹಾಕಿದ ರೀತಿ ನೋಡಿ ನನಗೆ ತುಂಬಾ ಖುಷಿಯಾಯಿತು.

ಆಟಿ ತಿಂಗಳು. ಮಳೆ ಬಿಡುತ್ತಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಚೆನ್ನೆಮಣೆ ಆಡುವ ಕಾಲ ಇದು. ನಮ್ಮ ಮನೆಯಲ್ಲಿ ಇಸ್ಪೀಟೂ ಹೊರಗೆ ಬರುತ್ತದೆ. ಹಣ ಇಟ್ಟು ಆಡುವುದು ಮಾತ್ರ ಇಲ್ಲ, ಆಡಲೂಬಾರದು. ಇಸ್ಪೀಟಿನಲ್ಲಿ ತೋಟ ಕಳೆದುಕೊಂಡವರ ಕಥೆ ಕೇಳಿಯೇ ಬೆಳೆದವರು ನಾವು. ಆದರೆ ಏನೂ ಇಡದೆ ಪೋಕರ್ ಆಡಲಿಕ್ಕಾಗುವುದಿಲ್ಲ. ಕಳೆದುಕೊಳ್ಳುವುದು ಏನೂ ಇಲ್ಲ ಅಂದರೆ ಯಾರೂ ಎಲೆ ಕೆಳಗಿಟ್ಟು ಹಿಂದೆ ಸರಿಯುವುದಿಲ್ಲ. ಯಾರೂ ಹಿಂದೆ ಸರಿಯದಿದ್ದರೆ ಬ್ಲಫ್ ಮಾಡಿ, ಅಂದರೆ ಇಲ್ಲದ ಎಲೆ ಇದ್ದ ಹಾಗೆ ಆಡಿ, ಏನು ಪ್ರಯೋಜನ? ಹಾಗಾಗಿ ತಲಾ ನೂರು ಹುಣಿಸೆ ಬೀಜ. ಬೀಜ ಮುಗಿದವರಿಗೆ ನಾಳೆ ಇಡೀ ಮನೆಯ ಪಾತ್ರೆ ತೊಳೆಯುವ ಕೆಲಸ. ಅಷ್ಟು ಸಾಕು, ಎಲ್ಲರೂ ಯೋಚಿಸಿಯೇ ಆಡುತ್ತಾರೆ.

ಗೊತ್ತಿಲ್ಲದವರಿಗೆ ಆಟ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಈ ಏಳರಲ್ಲಿ ನಮ್ಮ ಒಳ್ಳೆಯ ಐದು. ಪ್ರತಿ ಸಲ ಎಲೆ ಬಿದ್ದಾಗಲೂ ಬೀಜ ಇಡಬಹುದು, ಸುಮ್ಮನಿರಬಹುದು, ಬಿಟ್ಟುಹೋಗಬಹುದು.

ಆ ಆಟದಲ್ಲಿ ಇದ್ದದ್ದು ಮಾವ, ಅಳಿಯ, ತಂಗಿ ಮತ್ತು ನಾನು. ಅತ್ತೆ ಹಲಸಿನ ಹಪ್ಪಳ ಕರಿಯಲು ಎದ್ದಿದ್ದರು. ತಲಾ 5 ಬೀಜ ಇಟ್ಟೆವು, ಒಟ್ಟು 20. ನಡುವಿನ ಈ ರಾಶಿಯೇ ಪಾಟ್. ನಡುವೆ ಬಿದ್ದದ್ದು ಆಟೀನ್ ರಾಜ, ಆಟೀನ್ 8, ಕಳಾವರ್ 5. ಮಾವ 10 ಬೀಜ ಇಟ್ಟರು. ಅಳಿಯನೂ 10 ಇಟ್ಟ. ತಂಗಿ, ನಾನು ಬಿಟ್ಟೆವು. ಪಾಟ್‌ನಲ್ಲಿ ಈಗ 40. ನಾಲ್ಕನೇ ಎಲೆ ಇಸ್ಪೀಟು ರಾಣಿ. ಇಬ್ಬರೂ ಸುಮ್ಮನಿದ್ದರು. ಐದನೆಯದು ಆಟೀನ್ 2. ಮಾವ ಮತ್ತೆ ಸುಮ್ಮನೆ. ಅಳಿಯ 40 ಬೀಜ ಎಣಿಸಿ ನಡುವೆ ತಳ್ಳಿದ.

ಅಂದರೆ ಅವನು ಹೇಳುತ್ತಿರುವುದು ಇಷ್ಟು: ನನ್ನ ಎರಡೂ ಎಲೆ ಆಟೀನ್, ನೆಲದಲ್ಲಿ ಮೂರು ಆಟೀನ್, ನನಗೆ ಫ್ಲಶ್ (ಒಂದೇ ಬಣ್ಣದ ಐದು ಎಲೆ, ಇಲ್ಲಿ ಐದೂ ಆಟೀನ್) ಆಗಿದೆ. ಕೇಳಿದರೆ ನಂಬುವಂಥ ಮಾತೇ. ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.

ಮಾವ ಅವನ ಮುಖ ನೋಡಲೇ ಇಲ್ಲ. ನೆಲದ ಎಲೆಗಳನ್ನೇ ನೋಡುತ್ತಾ ಒಂದು ಹಪ್ಪಳ ಪೂರ್ತಿ ತಿಂದರು. ಆಮೇಲೆ 40 ಬೀಜ ಇಟ್ಟು, "ತೋರಿಸು ಮಾರಾಯ" ಅಂದರು. ಅಳಿಯನ ಹತ್ತಿರ ಇದ್ದದ್ದು ಇಸ್ಪೀಟಿನ 7 ಮತ್ತು 6. ಒಂದು ಜೋಡಿಯೂ ಇಲ್ಲ. ಮಾವನ ಹತ್ತಿರ ಕಳಾವರ್ ರಾಜ ಮತ್ತು ಆಟೀನ್ ಎಕ್ಕ. ನೆಲದ ರಾಜನ ಜೊತೆ ಸೇರಿ ರಾಜನ ಜೋಡಿ, ಆಟ ಮಾವನದ್ದು.

"ನಿಮಗೆ ಹೇಗೆ ಗೊತ್ತಾಯ್ತು ಅಜ್ಜ?" ಎಂದು ಅಳಿಯ ಕೇಳಿದ. ಮಾವ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಆಟೀನ್ ಒಟ್ಟು 13. ಮೂರು ನೆಲದಲ್ಲಿ, ಒಂದು ನನ್ನ ಕೈಯಲ್ಲಿ. ಉಳಿದದ್ದು 9. ಒಂಬತ್ತರಿಂದ ಎರಡೆರಡು ತೆಗೆದರೆ 36 ಜೋಡಿ. ಎಕ್ಕ ನನ್ನ ಹತ್ತಿರ ಇಲ್ಲದಿದ್ದರೆ 45 ಆಗುತ್ತಿತ್ತು. ಕಡಿಮೆಯಾದ ಆ 9 ಜೋಡಿಯಲ್ಲೂ ಎಕ್ಕ ಇದೆ, ಅಂದರೆ ಯಾರೂ ಬಿಡದೆ ಆಡುವ ಜೋಡಿಗಳು ಅವು. ಉಳಿದ 36ರಲ್ಲಿ 4–3 ತರದ ಎಲೆ ಹಿಡಿದು ಇವನು ಒಳಗೆ ಬರುವುದಿಲ್ಲ, ಸಂಜೆಯಿಂದ ನೋಡಿದ್ದೇನೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಸಂಜೆ ಒಮ್ಮೆ ಇವನಿಗೆ ನಾಲ್ಕು ಡೈಮಂಡ್ ಸೇರಿ, ಐದನೆಯದು ಇನ್ನೂ ಬರಬೇಕಿತ್ತು. ಆಗ ಇವನು ಕಾಯಲಿಲ್ಲ, ನಾಲ್ಕನೇ ಎಲೆಗೇ ಬೀಜ ಸುರಿದ. ಇವತ್ತು ನಾಲ್ಕು ಆಟೀನ್ ಇದ್ದಿದ್ದರೆ ರಾಣಿ ಬಿದ್ದಾಗ ಸುಮ್ಮನೆ ಯಾಕೆ ಕೂತ?

ನನಗೆ ತುಂಬಾ ಹಿಡಿಸಿದ್ದು ಈ ಪ್ರಶ್ನೆ. ಕೊನೆಯ 40 ಬೀಜದ ಮಾತು ಗಟ್ಟಿಯಾಗಿತ್ತು, ಆದರೆ ನಾಲ್ಕನೇ ಎಲೆಯಲ್ಲಿ ಅವನು ನಡೆದುಕೊಂಡದ್ದು ಅದಕ್ಕೆ ಹೊಂದುತ್ತಿರಲಿಲ್ಲ. ಬ್ಲಫ್ ಮಾಡುವವನು ಕೊನೆಯಲ್ಲಿ ಮಾತ್ರ ಸುಳ್ಳು ಹೇಳಿದರೆ ಸಾಲದು. ಮೊದಲ ಎಲೆಯಿಂದಲೇ ಆ ಸುಳ್ಳಿಗೆ ತಕ್ಕ ಹಾಗೆ ಆಡಿಕೊಂಡು ಬಂದಿರಬೇಕು. ಮಾವನಿಗೆ ಪೂರ್ತಿ ಖಾತ್ರಿ ಬೇಕಾಗಿಯೂ ಇರಲಿಲ್ಲ, ಅಲ್ವಾ? 40 ಇಟ್ಟರೆ 80 ಸಿಗುವ ಜಾಗ ಅದು. ಮೂರರಲ್ಲಿ ಒಂದು ಸಲ ಅವರ ಊಹೆ ಸರಿಯಾದರೂ ನಷ್ಟವಿಲ್ಲ.

ಇದೆಲ್ಲ ಅವರಿಗೆ ಇಪ್ಪತ್ತೆಂಟು ಆಡಿ ಬಂದ ಬುದ್ಧಿ. ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಿ ಮುಗಿದ ಮೇಲೆ ಚಾಪೆ ಹಾಕಿ ಆಡುತ್ತಿದ್ದ ಆಟ. ಕನ್ನಡ, ತುಳು, ಮಲಯಾಳ ಎಲ್ಲ ಒಂದೇ ಚಾಪೆಯಲ್ಲಿ. 7ರಿಂದ ಮೇಲಿನ 32 ಎಲೆ ಮಾತ್ರ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28. ಮೊದಲು ಸಿಗುವ ನಾಲ್ಕೇ ಎಲೆ ನೋಡಿ ಇಷ್ಟು ಪಾಯಿಂಟ್ ಮಾಡುತ್ತೇನೆ ಎಂದು ಕೇಳಬೇಕು. ಜಾಸ್ತಿ ಕೇಳಿದವನು ತುರುಪಿನ ಎಲೆಯನ್ನು ಕವುಚಿ ಇಡುತ್ತಾನೆ. ತುರುಪು ಯಾವುದು ಎಂದು ಅವನೊಬ್ಬನಿಗೇ ಗೊತ್ತು. ಉಳಿದ ಮೂವರು ಅದನ್ನು ಊಹಿಸುತ್ತಲೇ ಆಡಬೇಕು.

ಅಲ್ಲಿ ಮಾವ ನನಗೆ ಹೇಳಿಕೊಟ್ಟದ್ದು ಇದು: ಇಳಿಸಿದ ಎಲೆಯ ಜೊತೆಗೆ, ಇಳಿಸದೆ ಉಳಿದದ್ದನ್ನೂ ನೋಡು. ಜೊತೆಯವನ ಗುಲಾಮ ಬಿದ್ದು, ಆ ಪಟ್ಟು (ಆ ಸುತ್ತಿನ ಎಲೆಗಳು) ತಮ್ಮದೇ ಎಂದು ಗೊತ್ತಾದ ಮೇಲೂ ಒಬ್ಬ 7 ಎಸೆದ ಅನ್ನಿ. ಅವನ ಹತ್ತಿರ ಆ ಬಣ್ಣದ ಎಕ್ಕವೂ ಇಲ್ಲ, ಹತ್ತೂ ಇಲ್ಲ. ಇದ್ದಿದ್ದರೆ ಪಾಯಿಂಟ್ ಅಲ್ಲೇ ಹಾಕುತ್ತಿದ್ದ. 9 ಮಾತ್ರ ಇದ್ದರೂ ಇರಬಹುದು, ಯಾಕೆಂದರೆ ಗುಲಾಮ ಹೋದ ಮೇಲೆ ಅದೇ ದೊಡ್ಡದು, ಹಿಡಿದಿಟ್ಟುಕೊಳ್ಳುತ್ತಾರೆ. ಒಂದು 7ರಿಂದ ಇಷ್ಟು ತಿಳಿಯುತ್ತದೆ. ಕೆಮ್ಮುವುದು, ಕಿವಿ ಮುಟ್ಟುವುದು ಎಲ್ಲ ಅಲ್ಲಿ ಕಳ್ಳಾಟ. ಮುಖ ನೋಡುವ ಅಭ್ಯಾಸ ಅವರಿಗೆ ಬರದೇ ಇದ್ದದ್ದು ಅದಕ್ಕೇ ಇರಬೇಕು.

ಕೈ ನಡುಗಿತು, ಕಣ್ಣು ಮಿಟುಕಿಸಿತು ಅನ್ನುವುದನ್ನು ಜನ ಜಾಸ್ತಿ ನಂಬುತ್ತಾರೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರ ಜೊತೆ 20 ದಿನ, 1,20,000 ಆಟ ಆಡಿ ಗೆದ್ದಿತು. ಅದು ಯಾರ ಮುಖವನ್ನೂ ನೋಡಲಿಲ್ಲ. ಬ್ಲಫ್ ಮಾತ್ರ ಧಾರಾಳವಾಗಿ ಮಾಡಿತು.

ಅಳಿಯನ ಪರವಾಗಿಯೂ ಹೇಳಬೇಕು. ಅವನ ಯೋಚನೆ ಒಳ್ಳೆಯದೇ ಇತ್ತು. 8, 5 ನೆಲದಲ್ಲಿ, 7, 6 ಕೈಯಲ್ಲಿ. ಒಂದು 4 ಅಥವಾ 9 ಬಿದ್ದಿದ್ದರೆ ಒಂದರ ಹಿಂದೆ ಒಂದು ಬರುವ ಐದು ಎಲೆಯ ಸಾಲು ಆಗುತ್ತಿತ್ತು. ಬೀಳಲಿಲ್ಲ. ಎಲೆ ತೋರಿಸಿ ಗೆಲ್ಲುವ ದಾರಿಯೇ ಇಲ್ಲ ಅಂದಾಗ ಬ್ಲಫ್ ಮಾಡುವುದೇ ಸರಿ. ಗಣಿತಜ್ಞ ಜಾನ್ ವಾನ್ ನಾಯ್ಮನ್ 1944ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ದೊಡ್ಡದಾಗಿ ಇಡಬೇಕಾದದ್ದು ತುಂಬಾ ಒಳ್ಳೆಯ ಎಲೆಗೆ, ಇಲ್ಲವೇ ತುಂಬಾ ಕೆಟ್ಟ ಎಲೆಗೆ. ನಡುವಿನ ಎಲೆಗೆ ಸುಮ್ಮನಿರಬೇಕು, ಅದು ತೋರಿಸಿದರೂ ಕೆಲವೊಮ್ಮೆ ಗೆಲ್ಲುತ್ತದೆ. ಅಳಿಯ 40ರ ಪಾಟ್‌ಗೆ 40 ಇಟ್ಟ, ಹಾಗಾಗಿ ಅರ್ಧದಷ್ಟು ಸಲ ಎದುರಿನವರು ಬಿಟ್ಟರೆ ಸರಿಹೋಗುತ್ತದೆ. 20 ಇಟ್ಟಿದ್ದರೆ ಮೂರರಲ್ಲಿ ಒಂದು ಸಲ ಸಾಕಿತ್ತು.

ಅತ್ತೆಯ ಮುಂದೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. "ಏನುಂಟು ನೋಡುವ" ಎಂದು ಅವರು ಪ್ರತಿ ಸಲವೂ ಬೀಜ ಇಡುತ್ತಾರೆ. ಬಿಡದವರ ಹತ್ತಿರ ಬ್ಲಫ್ ಮಾಡಲೇಬಾರದು. ಒಳ್ಳೆಯ ಎಲೆ ಬರುವವರೆಗೆ ಕಾಯುವುದೊಂದೇ ದಾರಿ.

ಊಟದ ಹೊತ್ತಿಗೆ ಅಳಿಯ ಇನ್ನೊಂದು ವಿಷಯ ಹೇಳಿದ. ಆ ಆಟೀನ್ ಎಕ್ಕ ಅವನ ಕೈಯಲ್ಲಿದ್ದು, ಜೊತೆಗೆ ಬೇರೆ ಬಣ್ಣದ ಸಣ್ಣ ಎಲೆ ಇದ್ದಿದ್ದರೆ ಬ್ಲಫ್ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಫ್ಲಶ್ ಎದುರಿನವರ ಹತ್ತಿರ ಇರಲು ಸಾಧ್ಯವೇ ಇಲ್ಲ ಎಂದು ಖಂಡಿತ ಗೊತ್ತಿರುತ್ತದೆ. ಅಂದರೆ ಹಿಡಿಯುವವನಿಗೆ ಸಹಾಯ ಮಾಡಿದ ಎಲೆ, ಬ್ಲಫ್ ಮಾಡುವವನ ಕೈಗೆ ಬಂದರೆ ಅವನಿಗೂ ಅಷ್ಟೇ ಸಹಾಯ ಮಾಡುತ್ತದೆ. ಮಾವ ತುತ್ತು ಹಾಗೇ ಹಿಡಿದುಕೊಂಡು ಎರಡು ಸಲ ಕೇಳಿಸಿಕೊಂಡರು. "ಸರಿ ಉಂಟು" ಅಂದರು.

ನಾಳೆ ಮಾವ ಅವನಿಗೆ ಇಪ್ಪತ್ತೆಂಟು ಕಲಿಸುತ್ತಾರಂತೆ. ಅವನ ಜೊತೆಗೆ ನಾನು, ಎದುರಿಗೆ ಮಾವ ಮತ್ತು ಅತ್ತೆ. ನಾಲ್ಕು ಎಲೆ ನೋಡಿ ಅವನು ಎಷ್ಟಕ್ಕೆ ಕೇಳುತ್ತಾನೆ ಎಂದು ನೋಡಬೇಕು.