ಬುಟ್ಟಿಯ ಅಡಿಯಲ್ಲಿದ್ದ ಎಲೆಗಳು

ನಮ್ಮ ಶಾಲೆಯ ಪತ್ರಿಕೆಯ ಒಂದು ಹಳೆಯ ಸಂಚಿಕೆಯಲ್ಲಿ ತೋಟದ ಸಂಘದ ಫೋಟೊ ಇದೆ. ಒಂಬತ್ತು ಮಕ್ಕಳು, ನಡುವೆ ದೊಡ್ಡದೊಂದು ಬುಟ್ಟಿ, ತುಂಬಿ ತುಳುಕುವಷ್ಟು ತರಕಾರಿ. ಬಲಗಡೆಯಿಂದ ಎರಡನೆಯವಳು, ಕಣ್ಣು ಮುಚ್ಚಿಕೊಂಡಿರುವವಳು, ನಾನು. ಇಷ್ಟು ವರ್ಷ ಯಾರಿಗೂ ಹೇಳದ ವಿಷಯವೊಂದನ್ನು ಈಗ ಹೇಳಿಬಿಡುತ್ತೇನೆ. ಆ ಬುಟ್ಟಿಯಲ್ಲಿ ಮುಕ್ಕಾಲು ಭಾಗ ಬರೀ ಕುಂಬಳದ ಎಲೆ. ಅದರ ಮೇಲೆ ಒಂದೇ ಒಂದು ಪದರ ತರಕಾರಿ ಜೋಡಿಸಿದ್ದೆವು. ಫೋಟೊ ತೆಗೆಯುವವರು ಬಂದ ದಿನ ನಮ್ಮ ಹತ್ತಿರ ಇದ್ದದ್ದೇ ಅಷ್ಟು.

ಹಾಗಂತ ನಾವೇನು ಸೋಮಾರಿಗಳಾಗಿರಲಿಲ್ಲ. ದಿನಾ ಮೈಕೈಯೆಲ್ಲ ಮಣ್ಣು ಮಾಡಿಕೊಂಡೇ ಮನೆಗೆ ಹೋಗುತ್ತಿದ್ದೆವು. ಆದರೆ ಆ ವರ್ಷ ಬೆಳೆದದ್ದಕ್ಕಿಂತ ಕೊಂದದ್ದೇ ಜಾಸ್ತಿ. ನೆನಪುಗಳನ್ನು ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದಾಗ ತಲೆಗೆ ಮೊದಲು ಬಂದದ್ದೂ ಅದೇ. ಬಹುಮಾನ, ವಾರ್ಷಿಕೋತ್ಸವ, ಓಟದ ಪಂದ್ಯ ಇವನ್ನೆಲ್ಲ ಬೇರೆಯವರು ಬರೆದಿರುತ್ತಾರೆ. ನಾನು ಸತ್ತ ಗಿಡಗಳ ಬಗ್ಗೆ ಬರೆಯುತ್ತೇನೆ.

ಮೊದಲು ಸತ್ತದ್ದು ನನ್ನ ಬೀನ್ಸ್ ಬೀಜ.

ಸಂಘಕ್ಕೆ ಸೇರಿದ ದಿನ ಟೀಚರ್ ಎಲ್ಲರ ಅಂಗೈಗೂ ಒಂದೊಂದು ಬೀಜ ಹಾಕಿದರು. 'ಎಷ್ಟು ಆಳಕ್ಕೆ ಹೂಳ್ತೀರಿ?' ಅಂತ ಕೇಳಿದರು. ಒಬ್ಬ ಮೊಣಕೈವರೆಗೂ ತೋರಿಸಿದ. ಬೀಜ ಎಷ್ಟು ದಪ್ಪವೋ ಅದರ ಎರಡು ಮೂರು ಪಟ್ಟು ಆಳ ಸಾಕು, ಅಂದರು ಟೀಚರ್. ಬೀಜ ತನ್ನ ಬುತ್ತಿಯನ್ನು ಒಳಗೇ ಕಟ್ಟಿಕೊಂಡಿರುತ್ತದೆ. ಬೆಳಕು ಸಿಗುವವರೆಗೆ ಅದನ್ನೇ ಉಂಡು ಮೇಲೆ ಬರಬೇಕು. ತುಂಬಾ ಆಳಕ್ಕೆ ಹೂತರೆ ಅರ್ಧ ದಾರಿಯಲ್ಲೇ ಬುತ್ತಿ ಮುಗಿದುಹೋಗುತ್ತದೆ.

ಅಷ್ಟನ್ನು ನಾನು ಸರಿಯಾಗೇ ಮಾಡಿದೆ. ಎಡವಟ್ಟಾದದ್ದು ಆಮೇಲೆ. ಮೂರನೇ ದಿನ ಬೆರಳಿನಿಂದ ಮಣ್ಣು ಸರಿಸಿ ನೋಡಿದೆ. ನಾಲ್ಕನೇ ದಿನವೂ ನೋಡಿದೆ. ಐದನೇ ದಿನ ಬಿಳಿ ಬೇರು ಹೊರಗೆ ಬಂದಿತ್ತು. ಖುಷಿ ತಡೆಯಲಾಗದೆ ಬೀಜವನ್ನೇ ಎತ್ತಿ ಗೆಳತಿಗೆ ತೋರಿಸಲು ಓಡಿದೆ. ಬೇರು ಮುರಿದು ಮಣ್ಣಲ್ಲೇ ಉಳಿದಿತ್ತು.

ಟೀಚರ್ ಬೈಯಲಿಲ್ಲ. ಮಾರನೇ ದಿನ ಒಂದು ಗಾಜಿನ ಬಾಟಲಿ ತಂದರು. ಒಳಗೆ ಒದ್ದೆ ಕಾಗದ ಸುತ್ತಿ, ಕಾಗದಕ್ಕೂ ಗಾಜಿಗೂ ನಡುವೆ ನಾಲ್ಕು ಬೀಜ ಸಿಕ್ಕಿಸಿದರು. 'ನೋಡದೇ ಇರಲಾರೆ ಅನ್ನೋರು ಇಲ್ಲಿ ನೋಡಿ' ಅಂದರು. ಒಂದು ಬೀಜವನ್ನು ಬೇಕಂತಲೇ ತಲೆಕೆಳಗಾಗಿ ಇಟ್ಟಿದ್ದರು. ಅದರ ಬೇರು ಮೊದಲು ಮೇಲಕ್ಕೆ ಹೊರಟಿತು. ಆಮೇಲೆ ಬಾಗಿ, ಕೊಕ್ಕೆಯ ಹಾಗೆ ತಿರುಗಿ, ಕೆಳಗೇ ಇಳಿಯಿತು. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಪುಟ್ಟ ಕಣಗಳಿರುತ್ತವೆ, ಅವು ಭಾರಕ್ಕೆ ತಳದಲ್ಲಿ ಕೂರುತ್ತವೆ, ಕೆಳಗೆ ಯಾವುದು ಅಂತ ಬೇರಿಗೆ ತಿಳಿಯುವುದು ಹಾಗೆ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಓದುವಾಗ ಕಣ್ಣ ಮುಂದೆ ಬಂದದ್ದು ಆ ಬಾಟಲಿಯೇ.

ಎರಡನೆಯದು ಒಂದು ಗಿಡದ ಸಾವಲ್ಲ, ಇಡೀ ಒಂದು ಟ್ರೇ ಟೊಮೆಟೊ ಸಸಿಗಳದ್ದು. ನೀರು ಹಾಕುವ ಸರದಿ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ್ದರು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನೀರು ಹಾಕುವುದು ಎಲ್ಲಕ್ಕಿಂತ ಮಜವಾದ ಕೆಲಸ ಅಲ್ವಾ! ಬೆಳಿಗ್ಗೆ ಬೇಗ ಬಂದವರು ಹಾಕಿದರು. ಊಟದ ಬಿಡುವಿನಲ್ಲಿ ಇನ್ನೊಬ್ಬರು ಹಾಕಿದರು. ಸಂಜೆ ಮನೆಗೆ ಹೊರಟವರು 'ಪಾಪ' ಅಂತ ಮತ್ತೊಂದು ಕ್ಯಾನ್ ಸುರಿದರು. ಒಂದು ಸೋಮವಾರ ಬಂದು ನೋಡಿದರೆ ಸಸಿಗಳೆಲ್ಲ ಸಾಲಾಗಿ ಮಲಗಿವೆ. ಎಲೆ ಇನ್ನೂ ಹಸಿರಾಗೇ ಇತ್ತು. ಕಾಂಡ ಮಾತ್ರ ಮಣ್ಣಿಗೆ ತಾಗುವ ಜಾಗದಲ್ಲಿ ಕಂದಿ, ದಾರದಷ್ಟು ಸಣ್ಣಗಾಗಿತ್ತು. ಮಣ್ಣು ಸದಾ ಒದ್ದೆಯಾಗಿದ್ದರೆ ಅದರಲ್ಲಿರುವ ಶಿಲೀಂಧ್ರಕ್ಕೆ ಹಬ್ಬ. ಎಳೆ ಸಸಿಯ ಬುಡವನ್ನೇ ಕೊಳೆಸಿಬಿಡುತ್ತದೆ.

ಅಂದಿನಿಂದ ಹೊಸ ನಿಯಮ ಬಂತು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಬೇಕು. ತೇವ ಇದ್ದರೆ ತುಂಬಿದ ಕ್ಯಾನನ್ನು ಹಾಗೇ ವಾಪಸ್ ಹೊತ್ತು ತರಬೇಕು. ಅದು ಎಷ್ಟು ಕಷ್ಟ ಅಂತ ಒಂದು ಸಲ ಮಾಡಿ ನೋಡಿ.

ಆದರೆ ನನ್ನನ್ನು ಇವತ್ತಿಗೂ ಚುಚ್ಚುವುದು ಮೂರನೆಯದು. ಆಗ ಸತ್ತದ್ದು ಗಿಡಗಳಲ್ಲ.

ಅಷ್ಟು ಹೊತ್ತಿಗೆ ಎರಡನೇ ಸಲ ಹಾಕಿದ ಬೀನ್ಸ್ ಚೆನ್ನಾಗಿ ಹಬ್ಬಿತ್ತು. ಕೋಲು ನೆಟ್ಟು ಹಗ್ಗ ಕಟ್ಟಿದ್ದೆವು. ಹೂವೂ ಬಂದಿತ್ತು. ಆಗ ಕುಡಿಗಳಿಗೆ ಹೇನು ಹತ್ತಿತು. ಎಲೆ ಮಗುಚಿದರೆ ಹಿಂಬದಿಯೆಲ್ಲ ಕಪ್ಪು ಕಪ್ಪು ಚುಕ್ಕಿ, ಮುಟ್ಟಿದರೆ ಅಂಟು. ಅವುಗಳ ನಡುವೆ ಇನ್ನೊಂದು ಹುಳು ಓಡಾಡುತ್ತಿತ್ತು. ಕಪ್ಪು ಬೂದು ಮೈ, ಬೆನ್ನ ಮೇಲೆ ಮುಳ್ಳು ಮುಳ್ಳು, ಅಲ್ಲಲ್ಲಿ ಕಿತ್ತಳೆ ಮಚ್ಚೆ. ಮೊಸಳೆಯನ್ನು ಉಗುರಿನ ಮೇಲೆ ನಿಲ್ಲುವಷ್ಟು ಚಿಕ್ಕದು ಮಾಡಿದ ಹಾಗೆ. ಕಳ್ಳ ಇವನೇ ಅಂತ ಮುಖ ನೋಡಿಯೇ ತೀರ್ಮಾನಿಸಿದೆವು. ನಾವು ಮೂವರು ಸೋಪಿನ ನೀರಿನ ಡಬ್ಬಿ ಹಿಡಿದು ಎರಡು ಮಧ್ಯಾಹ್ನ ಕೂತು ಒಂದೊಂದಾಗಿ ಆರಿಸಿ ಮುಳುಗಿಸಿದೆವು. ಲೆಕ್ಕವನ್ನೂ ಇಟ್ಟಿದ್ದೆವು. ಒಟ್ಟು 83.

ಶಹಬ್ಬಾಸ್ ಅನ್ನಿಸಿಕೊಳ್ಳಲು ಡಬ್ಬಿಯನ್ನು ಟೀಚರಿಗೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು, 'ಇವು ಗುಲಗಂಜಿ ಹುಳುವಿನ ಮರಿಗಳು ಕಣ್ರೋ.'

ಕೆಂಪು ಬೆನ್ನು, ಕಪ್ಪು ಚುಕ್ಕಿಯ ಆ ಮುದ್ದು ಹುಳು ನಮಗೆಲ್ಲ ಗೊತ್ತಿತ್ತು. ಕೈ ಮೇಲೆ ಬಿಟ್ಟುಕೊಂಡು ಆಡುತ್ತಿದ್ದೆವು. ಅದರ ಮರಿ ಹೀಗಿರುತ್ತದೆ ಅಂತ ಯಾರಿಗೆ ಗೊತ್ತು? ಒಂದೊಂದು ಮರಿಯೂ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿನ್ನುತ್ತದೆ. ನಾವು ಕಳ್ಳರನ್ನು ಬಿಟ್ಟು ಕಾವಲುಗಾರರನ್ನು ಕೊಂದಿದ್ದೆವು. ಮುಂದಿನ ವಾರ ಹೇನು ದುಪ್ಪಟ್ಟಾಯಿತು. ಜೊತೆಗೆ ಇರುವೆಗಳ ಸಾಲು ಬೇರೆ. ಹೇನು ಬಿಡುವ ಸಿಹಿ ಅಂಟಿಗೋಸ್ಕರ ಇರುವೆಗಳು ಅವನ್ನು ಕಾಯುತ್ತವಂತೆ, ಹಸು ಸಾಕಿಕೊಂಡ ಹಾಗೆ. ರಭಸವಾಗಿ ನೀರು ಹೊಡೆದು ಹೇನು ಉದುರಿಸಲು ನೋಡಿದೆವು. ಅರ್ಧ ಪಾತಿ ಕೈಬಿಟ್ಟು ಹೋಯಿತು.

ಸುರುಟಿದ ಬಳ್ಳಿಗಳನ್ನು ಕೀಳಲು ಹೋದಾಗ ಟೀಚರ್ ತಡೆದರು. ಒಂದನ್ನು ಮಾತ್ರ ಬೇರು ಸಮೇತ ಅಗೆದು ತೋರಿಸಿದರು. ಬೇರಿನ ತುಂಬಾ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ಗುಲಾಬಿ ಬಣ್ಣ! ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುವ ಬ್ಯಾಕ್ಟೀರಿಯಾಗಳ ಮನೆ ಅದು. ಆ ಗುಲಾಬಿ ಬಣ್ಣ ಕೊಡುವ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟ. ಬಳ್ಳಿಯನ್ನು ಬುಡಕ್ಕೆ ಕತ್ತರಿಸಿ, ಬೇರು ಮಣ್ಣಲ್ಲೇ ಇರಲಿ, ಮುಂದಿನ ಬೆಳೆಗಾಗುತ್ತೆ, ಅಂದರು. ನಾವು 83ರ ವಿಷಯ ಮರೆತೇಬಿಟ್ಟಿದ್ದೆವು. ಅವರು ಬೇಕಂತಲೇ ಮರೆಸಿದರು ಅಂತ ಈಗ ಅನ್ನಿಸುತ್ತದೆ.

ಇದರ ಮಧ್ಯೆ ಜಗಳವೂ ಆಗುತ್ತಿತ್ತು. ಎಲ್ಲರದೂ ಒಂದೇ ತೋಟವೋ, ಒಬ್ಬೊಬ್ಬರಿಗೆ ಒಂದೊಂದು ಪಾತಿಯೋ? ಸ್ವಂತ ಪಾತಿ ಬೇಕು ಅನ್ನುವವರ ಗುಂಪಿಗೆ ನಾನೇ ನಾಯಕಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಅನ್ನುವವರು 1840ರಲ್ಲಿ ತಮ್ಮ ಮಕ್ಕಳ ಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟರು ಎಂದು ಟೀಚರ್ ಹೇಳಿದರು. ಅಲ್ಲಿ ಹೆಸರಿಗಷ್ಟೇ ಅಲ್ಲ, ನಿಜವಾದ ತೋಟವೂ ಇರಬೇಕು ಅನ್ನುವುದು ಅವರ ಆಸೆ. ಪ್ರತಿ ಮಗುವಿಗೂ ಪುಟ್ಟದೊಂದು ಸ್ವಂತ ಪಾತಿ, ಜೊತೆಗೆ ಎಲ್ಲರಿಗೂ ಸೇರಿದ ಪಾತಿಗಳು. ನಮ್ಮಲ್ಲೂ ಹಾಗೇ ಆಯಿತು. ಎರಡೇ ವಾರದಲ್ಲಿ ಸ್ವಂತ ಪಾತಿಗಳಲ್ಲಿ ಕಳೆ ಒಂದೂ ಇರಲಿಲ್ಲ, ಎಲ್ಲರ ಪಾತಿಯಲ್ಲಿ ಮೊಣಕಾಲೆತ್ತರ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಎಲ್ಲರಿಗೂ ಸೇರಿದ ಆ ಪಾತಿಯಲ್ಲೇ ಕುಂಬಳದ ಬಳ್ಳಿ ಇತ್ತು. ಯಾರೂ ನೋಡಿಕೊಳ್ಳದಿದ್ದರೂ ಬೇಲಿ ದಾಟಿ ಹೋಗಿತ್ತು. ದಿನಾ ಹಳದಿ ಹೂ, ಆದರೆ ಕಾಯಿ ಇಲ್ಲ. 'ಬಂಜೆ ಬಳ್ಳಿ, ಕಿತ್ತುಹಾಕೋಣ' ಅಂದ ಒಬ್ಬ. ಮಾಲಿ ತಾತ ನಕ್ಕರು. ಗಂಡು ಹೂ ಮೊದಲು ಬರುತ್ತವೆ, ಹೆಣ್ಣು ಹೂ ಹಿಂದಿನಿಂದ ಬರುತ್ತದೆ, ತಾಳ್ಮೆ ಇರಲಿ ಮಕ್ಕಳೇ, ಅಂದರು. ಹೆಣ್ಣು ಹೂವನ್ನು ಗುರುತಿಸುವುದು ಸುಲಭ. ಹೂವಿನ ಕೆಳಗೆ ಗೋಲಿಯಷ್ಟು ದಪ್ಪದ ಹೀಚು ಇರುತ್ತದೆ. ಬಂದವು, ಐದಾರು. ಆದರೆ ನಾಲ್ಕೇ ದಿನಕ್ಕೆ ಹೀಚುಗಳು ಹಳದಿಯಾಗಿ ಉದುರಿದವು. ಜೇನು ಬಂದಿರಲಿಲ್ಲ. ಹೂ ಅರಳುವುದು ನಸುಕಿನಲ್ಲಿ, ಬಿಸಿಲೇರಿದ ಮೇಲೆ ಮುಚ್ಚಿಕೊಳ್ಳುತ್ತದೆ. ನಮ್ಮ ಸಂಘ ಸೇರುತ್ತಿದ್ದದ್ದು ಸಂಜೆ.

ನಾನೂ ನನ್ನ ಗೆಳತಿಯೂ ಒಂದು ವಾರ ಬೆಳಿಗ್ಗೆ ಆರೂವರೆಗೇ ಶಾಲೆಗೆ ಬಂದೆವು. ಗೇಟು ತೆರೆಯುತ್ತಿದ್ದದ್ದು ಮಾಲಿ ತಾತ. ಗಂಡು ಹೂ ಕಿತ್ತು, ಎಸಳುಗಳನ್ನು ತೆಗೆದು, ನಡುವಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರುವುದು. ಒಂದು ಕುಂಚ ಸಿಕ್ಕರೂ ಸಾಕು, ಆದರೆ ಹೂವೇ ಒಳ್ಳೆಯ ಕುಂಚ. ಮೂರು ಹೀಚು ನಿಂತವು. ಅದರಲ್ಲಿ ಎರಡನ್ನು ಇಲಿ ಕಡಿಯಿತು. ಉಳಿದ ಒಂದನ್ನು ನಾವಿಬ್ಬರೂ ಎಷ್ಟು ಜೋಪಾನ ಮಾಡಿದೆವೆಂದರೆ, ಅದರ ಅಡಿಗೆ ಹಲಗೆ ಇಟ್ಟು, ಬಿಸಿಲಿಗೆ ಎಲೆ ಮುಚ್ಚಿ, ನನ್ನ ಮನೆಯವರಿಗೆ ನನ್ನ ಬಗ್ಗೆ ಸ್ವಲ್ಪ ಅನುಮಾನ ಬಂದಿತ್ತು.

ಈಗ ಫೋಟೊ ವಿಷಯಕ್ಕೆ ಬರೋಣ. ಪತ್ರಿಕೆಗೆ ಫೋಟೊ ಬೇಕು, ಇನ್ನು ಹತ್ತು ದಿನಕ್ಕೆ ಬಂದು ತೆಗೆಯುತ್ತಾರೆ ಅಂತ ಸುದ್ದಿ ಬಂತು. ಆಗ ನಿಜವಾಗಿಯೂ ತೋಟದಲ್ಲಿ ಫಸಲಿತ್ತು. ಬೆಂಡೆ ಎರಡು ದಿನಕ್ಕೊಮ್ಮೆ ಕೊಯ್ಯುವಷ್ಟು ಬರುತ್ತಿತ್ತು. ಉಂಡೆ ಮೂಲಂಗಿ ಬಿತ್ತಿ 25 ದಿನವಾಗಿತ್ತು, ಹೆಗಲು ಮಣ್ಣಿನ ಮೇಲೆ ಕಾಣುತ್ತಿತ್ತು. ನಾವು ಬುದ್ಧಿವಂತಿಕೆ ಮಾಡಿದೆವು. ಯಾರೂ ಏನನ್ನೂ ಕೊಯ್ಯಬಾರದು, ಎಲ್ಲವನ್ನೂ ಆ ದಿನಕ್ಕೆ ಉಳಿಸಬೇಕು ಅಂತ ಕಟ್ಟಪ್ಪಣೆ. ಟೀಚರ್ ರಜೆಯಲ್ಲಿದ್ದರು. ಬೇಡ ಅಂತ ಹೇಳುವವರಿರಲಿಲ್ಲ. ಮಾಲಿ ತಾತ ಹೇಳಿದರು, ನಾವು ಕೇಳಲಿಲ್ಲ.

ಬೆಂಡೆ ಹೂ ಬಿದ್ದ ನಾಲ್ಕೈದು ದಿನಕ್ಕೇ ಕೊಯ್ಯಬೇಕು. ಬಿಟ್ಟರೆ ನಾರಾಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಕಾಯಿ ಬಲಿತು ಬೀಜ ಕಟ್ಟಲು ಶುರುವಾದರೆ ತನ್ನ ಕೆಲಸ ಮುಗಿಯಿತು ಅಂತ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಕೊಯ್ದಷ್ಟೂ ಕೊಡುವ ಗಿಡ ಅದು. ನಾವು ಕೊಯ್ಯಲಿಲ್ಲ, ಅದು ಕೊಡುವುದನ್ನು ನಿಲ್ಲಿಸಿತು. ಮೂಲಂಗಿಯಲ್ಲಿ ಅರ್ಧ ಬಿರಿದವು. ಉಳಿದವನ್ನು ಒತ್ತಿದರೆ ಒಳಗೆ ಬೆಂಡು. ಫೋಟೊದಲ್ಲಿ ಬುಟ್ಟಿಯ ಮೇಲೆ ಉದ್ದುದ್ದ ಬೆಂಡೆಕಾಯಿಗಳು ಎಷ್ಟು ಚಂದ ಕಾಣುತ್ತವೆ ನೋಡಿ. ಒಂದನ್ನೂ ಮುರಿಯಲು ಆಗುತ್ತಿರಲಿಲ್ಲ. ನಡುವೆ ಇರುವ ಕುಂಬಳಕಾಯಿ ಮಾತ್ರ ಅಸಲಿ. ಅದರ ತೊಟ್ಟಿನ ಮೇಲೆ ಒಂದು ಕೈ ಇದೆ, ಅದು ನನ್ನ ಗೆಳತಿಯದು. ಬುಟ್ಟಿ ಎತ್ತುವಾಗ ಯಾರಾದರೂ ಬೀಳಿಸಿಬಿಟ್ಟಾರು ಅಂತ ಫೋಟೊ ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ.

ಬಲಿತ ಬೆಂಡೆಯನ್ನು ಎಸೆಯಲಿಲ್ಲ. ಗಿಡದಲ್ಲೇ ಬಿಟ್ಟಿದ್ದ ಕೆಲವನ್ನು ಪೂರ್ತಿ ಒಣಗಲು ಬಿಟ್ಟೆವು. ಅಲ್ಲಾಡಿಸಿದರೆ ಗಲಗಲ ಅನ್ನುತ್ತಿದ್ದವು. ಬೀಜ ಬಿಡಿಸಿ, ಕಾಗದದ ಪೊಟ್ಟಣ ಕಟ್ಟಿ, ಮುಂದಿನ ತರಗತಿಯವರಿಗೆ ಕೊಟ್ಟೆವು. ಆ ಒಂದು ಕೆಲಸವನ್ನು ತಪ್ಪಿಲ್ಲದೆ ಮಾಡಿದೆವು.

ಬುಟ್ಟಿಯಲ್ಲಿ ಕ್ಯಾರೆಟ್ ಯಾಕಿಲ್ಲ ಅಂತ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಾಕಿದ್ದೆವು, ಗೋಡೆ ಪಕ್ಕದ ಪಾತಿಯಲ್ಲಿ. ಮೊಳೆಯಲು ಎರಡು ವಾರಕ್ಕಿಂತ ಜಾಸ್ತಿ ತೆಗೆದುಕೊಂಡಿತು. ನಾನು ಈ ಸಲ ಒಮ್ಮೆಯೂ ಕೆದಕಲಿಲ್ಲ. ಒತ್ತಾಗಿ ಬಂದ ಸಸಿಗಳನ್ನು ಕಿತ್ತು, ಎರಡೆರಡು ಬೆರಳು ಜಾಗ ಬಿಟ್ಟೆವು. ಕಳೆ ತೆಗೆದೆವು. ಬೆರಳಿಟ್ಟು ನೋಡಿ ನೀರು ಹಾಕಿದೆವು. ಮೇಲೆ ಸೊಪ್ಪು ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಕಿತ್ತರೆ ಒಂದಕ್ಕೆ ಎರಡು ಕಾಲು, ಇನ್ನೊಂದಕ್ಕೆ ಮೂರು, ಮತ್ತೊಂದು ತನ್ನನ್ನೇ ಸುತ್ತಿಕೊಂಡಿತ್ತು. ಬೇರು ಇಳಿಯುವಾಗ ಕಲ್ಲು ಅಡ್ಡ ಬಂದರೆ ಕವಲೊಡೆಯುತ್ತದೆ. ತೊಳೆದು ಎಲ್ಲವನ್ನೂ ತಿಂದೆವು. ಫೋಟೊಗೆ ಇಡಲು ನಾಚಿಕೆಯಾಯಿತು.

ಈಗಿನ ತೋಟದ ಸಂಘದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಗೋಡೆ ಪಕ್ಕದ ಆ ಪಾತಿಯಲ್ಲಿ ಕ್ಯಾರೆಟ್ ಹಾಕಬೇಡಿ. ಒಂದು ಗೇಣು ಕೆಳಗೆ ಹಳೆಯ ಇಟ್ಟಿಗೆ ಚೂರುಗಳಿವೆ. ನಾವು ಎರಡು ಬಕೆಟ್ ಆರಿಸಿ ತೆಗೆದೆವು. ಇನ್ನೂ ಇವೆ.