ಕೇಳದೇ ಅಳಿಸುವ ಕಮಾಂಡ್

"ಅದು ನನ್ನನ್ನ ಒಂದು ಮಾತೂ ಕೇಳಲಿಲ್ಲ ಸರ್." ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಅನ್ನೋ ಸಾಧನದ ಬಗ್ಗೆ ನಮ್ಮ ಆಫೀಸಿನ ಹುಡುಗಿಯೊಬ್ಬಳು ಹೇಳಿದ್ದು ಇದು. ಬುಧವಾರದಿಂದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ.

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹೊಸದಾಗಿ ಸೇರಿದ ಸಿರುಗುಪ್ಪದ ಹುಡುಗಿ ಪೀಸ್ ಲೆಕ್ಕದ ಕೂಲಿಯ ಭಾಗ ಬರೆಯುತ್ತಿದ್ದಳು. ನಡುವೆ ಮೇನ್ ಬ್ರಾಂಚ್, ಅಂದರೆ ಕೋಡಿನ ಮುಖ್ಯ ಕವಲು ನೋಡಬೇಕಾಯಿತು. 'ಗಿಟ್ ಚೆಕ್‌ಔಟ್ ಮೇನ್' ಅಂತ ಹೊಡೆದಳು. ಗಿಟ್ ಬಿಡಲಿಲ್ಲ. ನಿನ್ನ ಬದಲಾವಣೆ ಅಳಿಸಿಹೋಗುತ್ತದೆ, ಮೊದಲು ಕಮಿಟ್ ಮಾಡು (ದಾಖಲಿಸು), ಇಲ್ಲಾ ಸ್ಟ್ಯಾಶ್ ಮಾಡು (ಸದ್ಯಕ್ಕೆ ಪಕ್ಕಕ್ಕಿಡು) ಅಂತ ತಡೆಯಿತು. ಪಕ್ಕದ ಸೀನಿಯರ್ ತಲೆ ಎತ್ತದೆಯೇ "ಚೆಕ್‌ಔಟ್ ಡಾಟ್ ಹೊಡಿ, ಸರಿಹೋಗುತ್ತೆ" ಅಂದ.

ಹೊಡೆದಳು. ಆರು ಫೈಲ್ ಅಪ್‌ಡೇಟ್ ಆಯಿತು ಅಂತ ಒಂದೇ ಸಾಲು ಬಂತು. ಬೆಳಗ್ಗೆಯಿಂದ ಬರೆದದ್ದು ಬಹುಪಾಲು ಹೋಗಿತ್ತು. ಗಿಟ್‌ನ ಹಳೆಯ ಹೆಜ್ಜೆಗಳ ಪಟ್ಟಿ, ರೆಫ್‌ಲಾಗ್ ನೋಡಿದೆವು. ಅದಕ್ಕೆ ಕಮಿಟ್ ಆದದ್ದು ಮಾತ್ರ ನೆನಪು.

"ಮ್ಯಾನುಯಲ್ ಓದಬೇಕಿತ್ತು" ಅಂದ ಸೀನಿಯರ್. ಕೆಲಸದಲ್ಲಿ ಅವನಷ್ಟು ಚುರುಕಿನವರು ನಮ್ಮಲ್ಲಿಲ್ಲ, ಆದರೆ ಈ ಮಾತು ನನಗೆ ಒಂಚೂರೂ ಹಿಡಿಸಲಿಲ್ಲ. ನಿಮಿಷದ ಹಿಂದೆ ಇದೇ ಚೆಕ್‌ಔಟ್ ಅವಳ ಕೆಲಸವನ್ನು ಕಾಪಾಡಿತ್ತು. ಬ್ರಾಂಚ್ ಹೆಸರು ಕೊಟ್ಟರೆ ಕಾವಲು, ಚುಕ್ಕೆ ಇಟ್ಟರೆ ಸದ್ದಿಲ್ಲದೆ ಅಳಿಸುವುದು. ಹೊಸಬರು ಅದನ್ನು ನಂಬಿದ್ದು ತಪ್ಪಾ?

ಗಿಟ್ ಹುಟ್ಟಿದ್ದು 2005ರಲ್ಲಿ. ಬ್ರಾಂಚ್ ಬದಲಿಸಲು ಸ್ವಿಚ್, ಬದಲಾವಣೆ ಕೈಬಿಡಲು ರಿಸ್ಟೋರ್ ಅಂತ ಬೇರೆ ಬೇರೆ ಕಮಾಂಡ್ ಬಂದದ್ದು 2019ರ 2.23 ಆವೃತ್ತಿಯಲ್ಲಿ. ರಿಸ್ಟೋರ್ ಕೂಡ ಕೇಳದೆಯೇ ಅಳಿಸುತ್ತದೆ ನಿಜ. ಆದರೆ ಬ್ರಾಂಚ್ ಬದಲಿಸಲು ಹೊರಟವರು ಅದಕ್ಕೆ ಕೈ ಹಾಕುವುದಿಲ್ಲ ಅಲ್ವಾ? ಗಿಟ್‌ನಂಥದ್ದೇ ಇನ್ನೊಂದು ಸಾಧನ ಮರ್ಕ್ಯೂರಿಯಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ರಿವರ್ಟ್ ಮಾಡಿದರೆ (ಬದಲಾವಣೆ ಕೈಬಿಟ್ಟರೆ) ನೀವು ತಿದ್ದಿದ ಫೈಲಿನ ಪ್ರತಿ '.ಒರಿಗ್' ಅಂತ ಪಕ್ಕದಲ್ಲೇ ಉಳಿದಿರುತ್ತದೆ. ಗಿಟ್‌ಗೆ ಈ ಎಚ್ಚರ ಗೊತ್ತಿಲ್ಲ ಅಂತಲ್ಲ. ಬೇಡದ ಫೈಲ್ ತೆಗೆಯುವ 'ಕ್ಲೀನ್' ಕಮಾಂಡ್, ಫೋರ್ಸ್ ಅಂತ ಬಿಡಿಸಿ ಹೇಳದೆ ಸುಮ್ನೆ ಏನನ್ನೂ ಅಳಿಸುವುದಿಲ್ಲ. ಅಷ್ಟೇ ಮರ್ಯಾದೆ ಈ ಹುಡುಗಿ ಬೆಳಗ್ಗೆಯಿಂದ ಕೂತು ಬರೆದದ್ದಕ್ಕೂ ಸಿಗಬೇಕಿತ್ತು. ವಾಪಸ್ ತರಲಾಗದ್ದನ್ನು ಅಳಿಸುವ ಮುಂಚೆ ಒಂದು ಪ್ರಶ್ನೆ, ಅದಾಗದಿದ್ದರೆ ಒಂದು ಪ್ರತಿ. ಇದು ಜಾಸ್ತಿ ಕೇಳಿದಂತೆ ನನಗೆ ಅನಿಸುವುದಿಲ್ಲ.

ಒಂದು ಫೈಲನ್ನು ಅವಳು ಮಧ್ಯಾಹ್ನ 'ಆ್ಯಡ್' ಮಾಡಿಟ್ಟಿದ್ದಳು, ಅಂದರೆ ಮುಂದಿನ ಕಮಿಟ್‌ಗೆ ಸಿದ್ಧ ಮಾಡಿಟ್ಟಿದ್ದಳು. ಅಲ್ಲಿವರೆಗಿನದು ಉಳಿದಿತ್ತು. ಮಿಕ್ಕದ್ದನ್ನು ಸಂಜೆ ಕೂತು ಮತ್ತೆ ಬರೆದಳು. ಹೊಸಬರಿಗೆ ಕೊಡುವ ಹಾಳೆಯಲ್ಲಿ ಚೆಕ್‌ಔಟ್ ತೆಗೆದು ಸ್ವಿಚ್, ರಿಸ್ಟೋರ್ ಬರೆದಿದ್ದೇನೆ. ಸೀನಿಯರ್ ಇನ್ನೂ ಒಪ್ಪಿಲ್ಲ. ಸೋಮವಾರ ಮತ್ತೆ ಕೂತು ಮಾತಾಡಬೇಕು.