ಗೋಡೆ ಬ್ಯಾಟರಿ ಕೊಳ್ಳುವ ಮುಂಚೆ ರಾತ್ರಿಯ ಲೆಕ್ಕ ಹಾಕಿ

ಸೋಲಾರ್ ಹಾಕಿಸಿಕೊಂಡವರು, ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು ಗೋಡೆಗೆ ನೇತುಹಾಕುವ ಬ್ಯಾಟರಿ ವಿಷಯಕ್ಕೆ ಬಂದಾಗ ಮೊದಲು ಕೇಳುವುದು ಕಂಪನಿ ಹೆಸರು. ಯಾವುದು ಒಳ್ಳೇದು, ಯಾವುದನ್ನು ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಬೇರೆಯದನ್ನೇ. ಸಂಜೆ ಬಿಸಿಲು ಇಳಿದಾಗಿನಿಂದ ಬೆಳಿಗ್ಗೆ ಪ್ಯಾನೆಲ್‌ಗಳು ಮತ್ತೆ ಕೆಲಸ ಶುರು ಮಾಡುವವರೆಗೆ ನಿಮ್ಮ ಮನೆ ಎಷ್ಟು ಯೂನಿಟ್ ಎಳೆಯುತ್ತದೆ? ಹೆಚ್ಚಿನವರಿಗೆ ತಿಂಗಳ ಬಿಲ್ ಗೊತ್ತಿರುತ್ತದೆ, ರಾತ್ರಿಯ ಲೆಕ್ಕ ಗೊತ್ತಿರುವುದಿಲ್ಲ. ಬ್ಯಾಟರಿ ದುಡಿಯುವುದೇ ಆ ಹೊತ್ತಿನಲ್ಲಿ ಅಲ್ವಾ? ಹಗಲು ಬಳಸುವುದರಲ್ಲಿ ಹೆಚ್ಚಿನದು ನೇರವಾಗಿ ಪ್ಯಾನೆಲ್‌ನಿಂದಲೇ ಬರುತ್ತದೆ.

ಇದನ್ನು ತಿಳಿಯುವುದು ಕಷ್ಟವೇನಲ್ಲ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ. ಒಂದು ವಾರ ಸಾಕು. ಬೇಸಿಗೆಯಲ್ಲೊಂದು ವಾರ, ಚಳಿಗಾಲದಲ್ಲೊಂದು ವಾರ ಬರೆದರೆ ಇನ್ನೂ ಒಳ್ಳೇದು, ಯಾಕಂದ್ರೆ ಫ್ಯಾನು, ಎಸಿ, ಹೀಟರು ಇವೆಲ್ಲ ಸೇರಿ ಲೆಕ್ಕವನ್ನೇ ತಲೆಕೆಳಗು ಮಾಡುತ್ತವೆ. ಎರಡೂ ಕಡೆ ಓಡುವ ಮೀಟರ್ ಇದ್ದರೆ ಗ್ರಿಡ್‌ನಿಂದ, ಅಂದರೆ ಹೊರಗಿನ ಕರೆಂಟ್ ಲೈನ್‌ನಿಂದ, ಒಳಗೆ ಬಂದದ್ದನ್ನು ತೋರಿಸುವ ಅಂಕಿಯನ್ನು ಮಾತ್ರ ನೋಡಿ. ಇದರ ಜೊತೆ ಇನ್ನೊಂದು ಅಂಕಿ ಬೇಕು, ಹಗಲು ಬಳಸಿ ಉಳಿಯುವ ಸೋಲಾರ್ ಎಷ್ಟು ಅನ್ನುವುದು. ಒಳ್ಳೆ ಬಿಸಿಲಿರುವ ಕಡೆ 3 ಕಿಲೋವ್ಯಾಟ್ ಪ್ಯಾನೆಲ್‌ಗಳು ದಿನಕ್ಕೆ 12 ಯೂನಿಟ್ ಆಸುಪಾಸು ಕೊಡುತ್ತವೆ ಅಂದುಕೊಳ್ಳಿ. ಹಗಲಲ್ಲೇ 7 ಖರ್ಚಾದರೆ ಉಳಿಯುವುದು 5. ರಾತ್ರಿಗೆ 9 ಬೇಕು ಅಂತ 10 ಯೂನಿಟ್‌ನ ಬ್ಯಾಟರಿ ತಂದರೆ ಅದು ಬಿಸಿಲಿನಿಂದ ಅರ್ಧಕ್ಕಿಂತ ಮೇಲೆ ತುಂಬುವುದೇ ಇಲ್ಲ, ದುಡ್ಡು ಮಾತ್ರ ಪೂರ್ತಿ ಹೋಗಿರುತ್ತದೆ. ರಾತ್ರಿಯ ಬೇಡಿಕೆ, ಹಗಲಿನ ಉಳಿಕೆ, ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಬ್ಯಾಟರಿಯ ಅಳತೆ. ಕರೆಂಟ್ ಪದೇ ಪದೇ ಹೋಗುವ ಕಡೆ ಇರುವವರ ಮಾತು ಬೇರೆ. ಅವರು ಗ್ರಿಡ್‌ನಿಂದಲೂ ತುಂಬಿಸಿಟ್ಟುಕೊಳ್ಳಬಹುದು, ಹಾಗಾಗಿ ಸ್ವಲ್ಪ ದೊಡ್ಡದಕ್ಕೆ ಅರ್ಥ ಇದೆ.

ಯೂನಿಟ್ ಲೆಕ್ಕ ಆಯಿತು ಅಂದ ತಕ್ಷಣ ಜನ ಆರ್ಡರ್ ಮಾಡಿಬಿಡುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಿ. ಎಷ್ಟು ತುಂಬಿಕೊಳ್ಳುತ್ತದೆ ಅನ್ನುವುದು ಒಂದು, ಒಂದೇ ಸಲಕ್ಕೆ ಎಷ್ಟು ಕೊಡಬಲ್ಲದು ಅನ್ನುವುದು ಇನ್ನೊಂದು. ಮೊದಲನೆಯದು ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಯೂನಿಟ್. ಎರಡನೆಯದು ಕಿಲೋವ್ಯಾಟ್. ಗೋಡೆಗೆ ನೇತುಹಾಕುವ ತುಂಬಾ ಸಾಮಾನ್ಯವಾದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಅದರೊಳಗೆ 3.2 ವೋಲ್ಟ್‌ನ 16 ಸೆಲ್‌ಗಳು ಸಾಲಾಗಿ ಇರುತ್ತವೆ, ಒಟ್ಟು 51.2 ವೋಲ್ಟ್. 100 ಆಂಪಿಯರ್ ಅವರ್ ಅಂದರೆ 5.12 ಯೂನಿಟ್. ಆದರೆ ಅದೇ ಪೆಟ್ಟಿಗೆಯ ಸ್ಪೆಕ್ ಶೀಟ್‌ನಲ್ಲಿ ಶಿಫಾರಸು ಮಾಡಿದ ಕರೆಂಟ್ 50 ಆಂಪಿಯರ್ ಅಂತ ಇದ್ದರೆ ಅದು ನೆಮ್ಮದಿಯಾಗಿ ಕೊಡುವುದು ಎರಡೂವರೆ ಕಿಲೋವ್ಯಾಟ್ ಮಾತ್ರ. 2 ಕಿಲೋವ್ಯಾಟ್‌ನ ಇಂಡಕ್ಷನ್ ಒಲೆ ಉರಿಯುತ್ತಿರುವಾಗ ಒಂದು ಎಸಿ ಶುರುವಾದರೆ ಮುಗಿಯಿತು, ಒಳಗೆ ನಾಲ್ಕು ಯೂನಿಟ್ ಉಳಿದಿದ್ದರೂ ಮನೆ ಕತ್ತಲಾಗಬಹುದು. ಇನ್ನು ನೀರಿನ ಮೋಟಾರ್, ಹಳೆ ಫ್ರಿಜ್, ಹಳೆ ಎಸಿ ಇವೆಲ್ಲ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಎಳೆಯುತ್ತವೆ. ಅದಕ್ಕೆ 'ಪೀಕ್' ಅಂತ ದಪ್ಪಕ್ಷರದಲ್ಲಿ ಬರೆದಿರುವ ಅಂಕಿಗಿಂತ 'ಕಂಟಿನ್ಯುಯಸ್' ಅಂತ ಸಣ್ಣದಾಗಿ ಬರೆದಿರುವುದನ್ನು ನೋಡಿ, ಪೀಕ್ ಎಷ್ಟು ಸೆಕೆಂಡ್ ನಿಲ್ಲುತ್ತದೆ ಅಂತ ಕೇಳಿ. ಇನ್ವರ್ಟರ್‌ನ ಮಿತಿ, ಬ್ಯಾಟರಿಯ ಮಿತಿ, ಎರಡರಲ್ಲಿ ಕಡಿಮೆ ಇರುವುದೇ ಕೊನೆಯ ಮಾತು.

ಕೆಮಿಸ್ಟ್ರಿ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮನೆಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದನ್ನು ಬ್ಯಾಟರಿಗೆ ಬಳಸಬಹುದು ಅಂತ 1990ರ ದಶಕದಲ್ಲಿ ತೋರಿಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ತಂಡ. ಲಿಥಿಯಂ ಅಯಾನ್ ಬ್ಯಾಟರಿಗಳ ಮೇಲಿನ ಕೆಲಸಕ್ಕೆ 2019ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಇನ್ನೊಂದು ಬಗೆ ಎನ್‌ಎಂಸಿ, ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು. ಅಷ್ಟೇ ತೂಕಕ್ಕೆ ಎನ್‌ಎಂಸಿಯಲ್ಲಿ ಜಾಸ್ತಿ ಶಕ್ತಿ ಹಿಡಿಸುತ್ತದೆ, ಅದಕ್ಕೇ ಹಲವು ಕಾರುಗಳಲ್ಲಿ ಅದನ್ನು ಬಳಸುತ್ತಾರೆ. ಗೋಡೆ ಮೇಲೆ ಅಲ್ಲಾಡದೆ ಕೂರುವ ಪೆಟ್ಟಿಗೆಗೆ ಹತ್ತು ಕಿಲೋ ಜಾಸ್ತಿಯಾದರೆ ಏನಾಗಬೇಕು? ಎಲ್‌ಎಫ್‌ಪಿ ಹೆಚ್ಚು ಬಿಸಿ ತಡೆಯುತ್ತದೆ, ಕೆಟ್ಟಾಗ ಎನ್‌ಎಂಸಿಯಷ್ಟು ಜೋರಾಗಿ ಹೊತ್ತಿಕೊಳ್ಳುವುದಿಲ್ಲ, ಜಾಸ್ತಿ ಸೈಕಲ್ ಬಾಳುತ್ತದೆ (ಒಮ್ಮೆ ಪೂರ್ತಿ ತುಂಬಿ ಖಾಲಿಯಾದರೆ ಒಂದು ಸೈಕಲ್). 2015ರಲ್ಲಿ ಗೋಡೆ ಬ್ಯಾಟರಿ ಅನ್ನುವ ಕಲ್ಪನೆಯನ್ನು ಎಲ್ಲರ ಬಾಯಿಗೆ ತಂದ ಟೆಸ್ಲಾ ಕೂಡ ಪವರ್‌ವಾಲ್ 2ರಲ್ಲಿ ಎನ್‌ಎಂಸಿ ಬಳಸಿ, ಪವರ್‌ವಾಲ್ 3ಕ್ಕೆ ಬರುವಾಗ ಎಲ್‌ಎಫ್‌ಪಿಗೆ ಹೊರಳಿತು.

ಎಲ್‌ಎಫ್‌ಪಿಗೂ ತನ್ನದೇ ಸ್ವಭಾವ ಇದೆ, ಅದನ್ನು ತಿಳಿದಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಲಿಥಿಯಂ ಒಳಗೆ ಸೇರುವ ಬದಲು ಲೋಹವಾಗಿ ಮೇಲ್ಮೈ ಮೇಲೆ ಕೂರುತ್ತದೆ, ಆ ಹಾನಿ ವಾಪಸ್ ಸರಿಯಾಗುವುದಿಲ್ಲ. ಚಳಿ ಪ್ರದೇಶದವರು ಒಳಗೆ ಹೀಟರ್ ಇರುವ ಮಾದರಿ ನೋಡಿ, ಇಲ್ಲವೇ ಮನೆಯೊಳಗೆ ಇಡಿ. ಇನ್ನೊಂದು ವಿಷಯ, ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಡಿಮೆ ಸಪಾಟು. ಕಾಲು ಭಾಗ ಇದ್ದಾಗಲೂ ಮುಕ್ಕಾಲು ಇದ್ದಾಗಲೂ ಸೆಲ್ ವೋಲ್ಟೇಜ್‌ನಲ್ಲಿ ವ್ಯತ್ಯಾಸ ಬಹಳ ಕಡಿಮೆ. ಹಾಗಾಗಿ ಬಿಎಂಎಸ್, ಅಂದರೆ ಬ್ಯಾಟರಿಯ ಮೇಲೆ ನಿಗಾ ಇಡುವ ಅದರೊಳಗಿನ ಸರ್ಕ್ಯೂಟ್, ಒಳಗೆ ಹೋದ ಕರೆಂಟ್, ಹೊರಗೆ ಹೋದ ಕರೆಂಟ್ ಎಣಿಸಿಕೊಂಡು ಪರ್ಸೆಂಟೇಜ್ ತೋರಿಸುತ್ತದೆ, ಆ ಎಣಿಕೆ ದಿನ ಕಳೆದಂತೆ ಸ್ವಲ್ಪ ಸ್ವಲ್ಪ ತಪ್ಪುತ್ತಾ ಹೋಗುತ್ತದೆ. 30 ಪರ್ಸೆಂಟ್ ತೋರಿಸುತ್ತಿದ್ದ ಬ್ಯಾಟರಿ ಏಕಾಏಕಿ ಆಫ್ ಆಯಿತು ಅನ್ನುವ ದೂರು ಕೇಳಿದಾಗ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಆಗಾಗ ಪೂರ್ತಿ 100ರವರೆಗೆ ತುಂಬಲು ಬಿಟ್ಟರೆ ಎಣಿಕೆಯೂ ಸರಿಹೋಗುತ್ತದೆ, ಸೆಲ್‌ಗಳೂ ಒಂದೇ ಮಟ್ಟಕ್ಕೆ ಬರುತ್ತವೆ.

ಈಗ ಗೋಡೆ. 'ವಾಲ್ ಮೌಂಟ್' ಅಂತ ಹೆಸರಲ್ಲೇ ಇದ್ದರೂ ಗೋಡೆಯ ಬಗ್ಗೆ ಯೋಚಿಸುವವರು ಕಡಿಮೆ. 5 ಯೂನಿಟ್‌ನ ಪೆಟ್ಟಿಗೆ ಸುಮಾರು 50 ಕಿಲೋ ತೂಗುತ್ತದೆ. ಪವರ್‌ವಾಲ್ 3ರಂತಹ 13.5 ಯೂನಿಟ್‌ನದು 130 ಕಿಲೋ ಆಸುಪಾಸು. ಗಟ್ಟಿ ಇಟ್ಟಿಗೆ, ಕಲ್ಲು, ಕಾಂಕ್ರೀಟ್ ಆದರೆ ಆಂಕರ್ ಬೋಲ್ಟ್ ಹಿಡಿಯುತ್ತದೆ. ಟೊಳ್ಳು ಬ್ಲಾಕ್, ಹಗುರ ಬ್ಲಾಕ್, ಜಿಪ್ಸಂ ಪಾರ್ಟಿಷನ್ ಆದರೆ ಬ್ರಾಕೆಟ್ ಜೊತೆ ಬಂದ ಬೋಲ್ಟನ್ನೇ ಹೊಡೆದು ಸುಮ್ನೆ ನೇತುಹಾಕುವುದು ಅಪಾಯ. ಗೋಡೆ ಬಗ್ಗೆ ಅನುಮಾನ ಇದ್ದರೆ ಭಾರ ನೆಲಕ್ಕೆ ಇಳಿಯುವಂತೆ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗೋಡೆಗೆ ಬರೀ ಬೀಳದಂತೆ ಬಿಗಿ ಮಾಡಿಸಿ. ನೋಡಲು ಅಷ್ಟು ಚೆಂದ ಕಾಣದಿರಬಹುದು, ನಾನಂತೂ ಅದನ್ನೇ ಆರಿಸುತ್ತೇನೆ.

ಎಲ್ಲಿ ಹಾಕುವುದು ಅನ್ನುವುದು ಇನ್ನೂ ಮುಖ್ಯ. ಮಲಗುವ ಕೋಣೆಯಲ್ಲಿ ಬೇಡ. ಮೆಟ್ಟಿಲ ಕೆಳಗೆ ಬೇಡ, ಮನೆಯಿಂದ ಹೊರಗೆ ಓಡುವ ದಾರಿಯಲ್ಲಿ ಬೇಡ. ಬೆಂಕಿ ಅಪರೂಪ, ಆದರೆ ಬಂದಾಗ ಆ ದಾರಿಯೇ ಬೇಕಾಗುವುದು. ಅಮೆರಿಕದ ಎನ್‌ಎಫ್‌ಪಿಎ 855, ಬ್ರಿಟನ್ನಿನ ಪಿಎಎಸ್ 63100 ಇಂಥ ನಿಯಮಾವಳಿಗಳು ಬ್ಯಾಟರಿ ಎಲ್ಲಿರಬೇಕು, ಎಲ್ಲಿರಬಾರದು ಅಂತ ಬರೆದಿಟ್ಟಿವೆ. ನಿಮ್ಮ ದೇಶದಲ್ಲಿ ಕಡ್ಡಾಯ ಇರಲಿ ಬಿಡಲಿ, ಅದರ ಹಿಂದಿನ ವಿವೇಕವನ್ನು ತೆಗೆದುಕೊಳ್ಳುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹಾಗೆಯೇ ಬ್ಯಾಟರಿ ಸುರಕ್ಷತೆಯ ಐಇಸಿ 62619 ಪ್ರಮಾಣಪತ್ರ ಇದೆಯಾ ಅಂತ ಕೇಳಿ, ಬೆಂಕಿ ಹರಡುವ ಪರೀಕ್ಷೆಯಾದ ಯುಎಲ್ 9540ಎ ವರದಿ ಇದ್ದರಂತೂ ಒಳ್ಳೇದೇ.

ಬಿಸಿಯ ಬಗ್ಗೆಯೂ ಅಷ್ಟೇ. ಐಪಿ65 ಅಂತ ಬರೆದಿದ್ದರೆ ಮಳೆ, ಧೂಳು ತಡೆಯುತ್ತದೆ ಅಂತ ಮಾತ್ರ ಅರ್ಥ, ಬಿಸಿಲು ತಡೆಯುತ್ತದೆ ಅಂತಲ್ಲ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಬೀಳುವ ಪಶ್ಚಿಮದ ಗೋಡೆಯನ್ನು ಮುಟ್ಟಿ ನೋಡಿ, ಸಂಜೆ ಏಳಕ್ಕೂ ಬೆಚ್ಚಗೇ ಇರುತ್ತದೆ. ಆ ಶಾಖವನ್ನೆಲ್ಲ ಬ್ಯಾಟರಿ ಬೆನ್ನ ಮೇಲೆ ಹೊರಬೇಕು. ಮನುಷ್ಯರಿಗೆ ಹಿತ ಅನ್ನಿಸುವ ಉಷ್ಣತೆಯೇ ಬ್ಯಾಟರಿಗೂ ಹಿತ. ಅದಕ್ಕಿಂತ ಮೇಲೆ ಹೋದಷ್ಟೂ, ಬಳಸದೆ ಸುಮ್ಮನೆ ಇಟ್ಟರೂ, ಅದು ಬೇಗ ಮುಪ್ಪಾಗುತ್ತದೆ. ನೆರಳಿನ ಗೋಡೆ, ಗಾಳಿ ಆಡುವ ಜಾಗ, ಸುತ್ತ ತಯಾರಕರು ಹೇಳಿದಷ್ಟು ಖಾಲಿ. ಬೇರೆ ಏನೂ ಬೇಡ.

ಕರೆಂಟ್ ಹೋದಾಗ ಏನಾಗುತ್ತದೆ? ಬಹಳ ಜನಕ್ಕೆ ಇದು ಗೊತ್ತಿಲ್ಲ: ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ, ಮೇಲೆ ಸುಡು ಬಿಸಿಲಿದ್ದರೂ. ಲೈನ್ ರಿಪೇರಿ ಮಾಡುವವರಿಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅನ್ನುವುದು ಇದರ ಒಂದು ಮುಖ್ಯ ಕಾರಣ. ಬ್ಯಾಟರಿ ಇದ್ದರೂ, ಮನೆಯನ್ನು ಗ್ರಿಡ್‌ನಿಂದ ಬೇರ್ಪಡಿಸುವ ಸ್ವಿಚ್ ವ್ಯವಸ್ಥೆ ಇಲ್ಲದಿದ್ದರೆ ಇದೇ ಕಥೆ. ಹಾಗಾಗಿ ಮಾರುವವರನ್ನು ಬಿಡಿಸಿ ಬಿಡಿಸಿ ಕೇಳಿ. ಬ್ಯಾಕಪ್ ಇದೆಯಾ? ಇಡೀ ಮನೆಗಾ, ಕೆಲವು ಸರ್ಕ್ಯೂಟ್‌ಗೆ ಮಾತ್ರವಾ? ಕರೆಂಟ್ ಇಲ್ಲದಾಗಲೂ ಪ್ಯಾನೆಲ್‌ನಿಂದ ಬ್ಯಾಟರಿ ತುಂಬುತ್ತದಾ? ಕೊನೆಯದಕ್ಕೆ ಹೌದು ಅನ್ನುವ ಉತ್ತರ ಬಾಯಿಮಾತಿನಲ್ಲಿ ಬೇಡ, ಮ್ಯಾನುಯಲ್‌ನಲ್ಲಿ ತೋರಿಸಲಿ.

ಪ್ಯಾನೆಲ್‌ಗಳು ಈಗಾಗಲೇ ಇದ್ದು, ಅದರ ಇನ್ವರ್ಟರ್ ಚೆನ್ನಾಗಿದ್ದರೆ ಎಸಿ ಬದಿಗೆ, ಅಂದರೆ ಇನ್ವರ್ಟರ್ ದಾಟಿ ಮನೆಯೊಳಗೆ ಹರಿಯುವ ಎಸಿ ಕರೆಂಟ್ ಇರುವ ಕಡೆಗೆ, ಬ್ಯಾಟರಿ ಸೇರಿಸಿಕೊಳ್ಳುವುದು ಸುಲಭ. ಎಲ್ಲ ಹೊಸದಾಗಿ ಶುರು ಮಾಡುವವರು ಪ್ಯಾನೆಲ್, ಬ್ಯಾಟರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ನೋಡಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ತಗೊಳ್ಳಿ, ಪ್ಯಾನೆಲ್ ಕೊಡುವ ಡಿಸಿ ಕರೆಂಟ್ ಎಸಿಯಾಗಿ, ಮತ್ತೆ ಬ್ಯಾಟರಿಗಾಗಿ ಡಿಸಿಯಾಗಿ ಸುತ್ತುವಾಗ ಸೋರುವುದು ಉಳಿಯುತ್ತದೆ. ಆದರೆ ಎರಡರಲ್ಲೂ ಒಂದು ವಿಷಯ ಬಿಡಬೇಡಿ, ಇನ್ವರ್ಟರ್ ಸುಮ್ಮನೆ ಆನ್ ಇರಲಿಕ್ಕೇ ಎಷ್ಟು ವ್ಯಾಟ್ ತಿನ್ನುತ್ತದೆ ಅನ್ನುವುದು. 50 ವ್ಯಾಟ್ ಅಂದರೆ ಏನು ಮಹಾ ಅನ್ನಿಸುತ್ತದೆ. ದಿನವಿಡೀ ಲೆಕ್ಕ ಹಾಕಿದರೆ 1.2 ಯೂನಿಟ್. 5 ಯೂನಿಟ್‌ನ ಬ್ಯಾಟರಿ ಇಟ್ಟುಕೊಂಡವರಿಗೆ ಇದು ಸಣ್ಣ ಸೋರಿಕೆ ಅಲ್ಲ, ಮತ್ತು ಈ ಅಂಕಿ ಜಾಹೀರಾತಿನಲ್ಲಿ ಎಲ್ಲೂ ಇರುವುದಿಲ್ಲ.

ಬ್ಯಾಟರಿಯ ಬಿಎಂಎಸ್ ಮತ್ತು ಇನ್ವರ್ಟರ್ ಒಂದಕ್ಕೊಂದು ಮಾತಾಡಬೇಕು, ಸಾಮಾನ್ಯವಾಗಿ ಕ್ಯಾನ್ ಅಥವಾ ಆರ್‌ಎಸ್485 ಅನ್ನುವ ಡೇಟಾ ಕೇಬಲ್ ಮೂಲಕ. ಎಷ್ಟು ಚಾರ್ಜ್ ಕೊಡು, ಯಾವಾಗ ನಿಲ್ಲಿಸು ಅಂತ ಬ್ಯಾಟರಿಯೇ ಹೇಳುತ್ತದೆ. ಇನ್ವರ್ಟರ್ ಕಂಪನಿ ಹೊರಡಿಸುವ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಬ್ಯಾಟರಿಯ ಮಾದರಿ ಇದೆಯಾ ನೋಡಿ. 'ಎಲ್ಲದಕ್ಕೂ ಆಗುತ್ತೆ ಸಾರ್' ಅನ್ನುವ ಮಾತು ಸಾಲದು.

ವಾರಂಟಿ ಕಾಗದವನ್ನು ಕೂತು ಓದಿ. 10 ವರ್ಷ ಅಂತ ಮೇಲೆ ಇರುತ್ತದೆ, ಕೆಳಗೆ ಎಲ್ಲೋ ಒಟ್ಟು ಇಷ್ಟು ಮೆಗಾವ್ಯಾಟ್ ಅವರ್ (ಒಂದು ಅಂದರೆ ಸಾವಿರ ಯೂನಿಟ್) ಹೊರಬರುವವರೆಗೆ ಅಂತಲೂ ಇರಬಹುದು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಉದಾಹರಣೆಗೆ 5 ಯೂನಿಟ್‌ನ ಬ್ಯಾಟರಿಗೆ 15 ಮೆಗಾವ್ಯಾಟ್ ಅವರ್ ಅಂತ ಬರೆದಿದ್ದರೆ ಅದು 3000 ಪೂರ್ತಿ ಸೈಕಲ್. ದಿನಕ್ಕೊಂದು ಸೈಕಲ್ ಬಳಸಿದರೆ ಎಂಟು ವರ್ಷ ದಾಟಿ ಸ್ವಲ್ಪ ದಿನಕ್ಕೆ ತೀರಿತು. ಕೊನೆಗೆ ಎಷ್ಟು ಸಾಮರ್ಥ್ಯ ಉಳಿದಿರಬೇಕು ಅನ್ನುವುದನ್ನೂ ನೋಡಿ, 70 ಪರ್ಸೆಂಟ್ ಅನ್ನುವುದು ಸಾಮಾನ್ಯ. ಬ್ಯಾಟರಿ ಇಂಟರ್ನೆಟ್‌ಗೆ ಜೋಡಿಸಿರಬೇಕು ಅಂತ ಕೆಲವರು ಷರತ್ತು ಹಾಕುತ್ತಾರೆ. ಕೆಟ್ಟುಹೋದ 50 ಕಿಲೋ ಪೆಟ್ಟಿಗೆಯನ್ನು ಯಾರು ಇಳಿಸಿ ಸಾಗಿಸಬೇಕು ಅನ್ನುವುದೂ ಆ ಕಾಗದದಲ್ಲೇ ಇರಬೇಕು.

ಹತ್ತು ಯೂನಿಟ್ ಬೇಕಾದವರಿಗೆ ಒಂದೇ ದೊಡ್ಡದಕ್ಕಿಂತ ಐದೈದರ ಎರಡು ಒಳ್ಳೇದು ಅನ್ನುವುದು ನನ್ನ ಅಭಿಪ್ರಾಯ. ಒಂದು ಕೆಟ್ಟರೂ ಇನ್ನೊಂದು ರಾತ್ರಿ ಕಳೆಸುತ್ತದೆ. ಆದರೆ ಎರಡನ್ನೂ ಒಟ್ಟಿಗೇ, ಒಂದೇ ಮಾದರಿಯದನ್ನೇ ತಗೊಳ್ಳಿ. ನಾಲ್ಕೈದು ವರ್ಷ ಹಳೆಯದರ ಪಕ್ಕ ಹೊಸದು ಜೋಡಿಸುವ ಹೊತ್ತಿಗೆ ಆ ಮಾದರಿಯೇ ಮಾರುಕಟ್ಟೆಯಲ್ಲಿ ಇಲ್ಲದಿರಬಹುದು.

ಜೋಡಿಸುವ ದಿನ ನೀವು ಪಕ್ಕದಲ್ಲೇ ಇರಿ. 48 ವೋಲ್ಟ್ ದರ್ಜೆಯ ಬ್ಯಾಟರಿಗಳಲ್ಲಿ 5 ಕಿಲೋವ್ಯಾಟ್ ಎಳೆದರೆ ಕೇಬಲ್‌ನಲ್ಲಿ 100 ಆಂಪಿಯರ್ ಹರಿಯುತ್ತದೆ. ಲಗ್, ಅಂದರೆ ಕೇಬಲ್ ತುದಿಯ ಲೋಹದ ಬಳೆ, ಸ್ವಲ್ಪ ಸಡಿಲ ಇದ್ದು ಆ ಒಂದು ಜಾಗದಲ್ಲಿ 5 ಮಿಲಿ ಓಮ್ ತಡೆ ಇದ್ದರೆ ಅಲ್ಲೇ 50 ವ್ಯಾಟ್ ಶಾಖ ಹುಟ್ಟುತ್ತದೆ, ಬೆರಳಗಲ ಜಾಗದಲ್ಲಿ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಅದಕ್ಕೇ ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡುವವರನ್ನು ಹುಡುಕಿ, ಮ್ಯಾನುಯಲ್‌ನಲ್ಲಿ ಎಷ್ಟು ನ್ಯೂಟನ್ ಮೀಟರ್ ಅಂತ ಕೊಟ್ಟಿದ್ದಾರೋ ಅಷ್ಟೇ ಬಿಗಿಯಾಗಲಿ. ಎಲ್ಲ ಮುಗಿದ ಮೇಲೆ ದುಡ್ಡಿನ ಕೊನೆ ಕಂತು ಕೊಡುವ ಮುಂಚೆ ಮನೆಯ ಲೈಟು, ಫ್ರಿಜ್ಜು, ಎಸಿ ಎಲ್ಲ ಹಾಕಿ, ಗ್ರಿಡ್‌ನ ಮೇನ್ ಸ್ವಿಚ್ ಇಳಿಸಲು ಹೇಳಿ. ಕಂಪ್ಯೂಟರ್ ರೀಸ್ಟಾರ್ಟ್ ಆಯಿತಾ, ಮೋಟಾರ್ ಎದ್ದಿತಾ, ಬಿಸಿಲಿದ್ದರೆ ಪ್ಯಾನೆಲ್ ಮತ್ತೆ ಶುರುವಾಯಿತಾ ನೋಡಿ. ಅರ್ಧ ಗಂಟೆ ಹಾಗೇ ಓಡಲಿ. ಆಮೇಲೆ ಮೇನ್ ಹಾಕಿಸಿ, ಲೋಡ್ ಇಳಿಸಿ, ಬಿಸಿ ಆರುವ ಮುಂಚೆಯೇ ಲಗ್‌ಗಳ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪ್ಲಸ್, ಮೈನಸ್ ಎರಡೂ ಒಂದೇ ಬಿಸಿ ತೋರಿಸುತ್ತಿವೆಯಾ ನೋಡಲು ಹೇಳಿ. ಒಂದು ಕಡೆ ಮಾತ್ರ ಜಾಸ್ತಿ ಇದ್ದರೆ ಅವರು ಹೊರಡುವ ಮುಂಚೆಯೇ ಬಿಚ್ಚಿ ಮತ್ತೆ ಬಿಗಿ ಮಾಡಿಸಿ.